ಅರ್ಬುದರೋಗವೂ ಶರೀರದ ರಕ್ಷಣಾಶಕ್ತಿಯೂ



ಕಾರ್ಕಳದ ಅಡಿಕೆಯ ತೋಟಗಳಿಂದ ಕಾಪುವಿನ ಕಡಲಂಚಿನವರೆಗೆ, ಬಂದವರ ಮುಂದೆ ಎಲೆಯಡಿಕೆಯ ಹರಿವಾಣವನ್ನಿಡುವುದು ಹಿಂದಿನಿಂದ ಬಂದ ಮರ್ಯಾದೆಯು. ಅದೇ ತಾಂಬೂಲವು ಹೊಗೆಸೊಪ್ಪನ್ನು ಕೂಡಿಕೊಂಡು ದಿನವೆಲ್ಲ ದವಡೆಯಲ್ಲಿ ಉಳಿದರೆ, ಬಾಯಿಯ ಕೋಮಲವಾದ ಒಳಚರ್ಮವು ಪುನಃ ಪುನಃ ಗಾಯಗೊಳ್ಳುವುದು.

ಗಾಯವಾದೊಡನೆ ರಕ್ತದ ಬಿಳಿಯ ಕಣಗಳು ಅಲ್ಲಿಗೆ ಧಾವಿಸಿ, ರಾಸಾಯನಿಕ ಸಂದೇಶಗಳ ಮೂಲಕ ನೆರೆಯ ಜೀವಕೋಶಗಳಿಗೆ ‘ಸಾಯದಿರಿ, ವೃದ್ಧಿಹೊಂದಿರಿ’ ಎಂದು ಆಜ್ಞಾಪಿಸುವುವು. ಈ ಆಜ್ಞೆಯನ್ನು ಕೋಶದೊಳಗೆ ನಡೆಯಿಸುವ ವಸ್ತುಗಳಲ್ಲಿ ಮುಖ್ಯವಾದ ಎನ್.ಎಫ್. ಕಪ್ಪಾ ಬಿ. ಎಂಬುದನ್ನು 1986ರಲ್ಲಿ ರಂಜನ್ ಸೇನ್, ಡೇವಿಡ್ ಬಾಲ್ಟಿಮೋರ್ ಎಂಬ ವಿದ್ವಾಂಸರು ಕಂಡುಹಿಡಿದರು. ಗಾಯವು ಮಾಯ್ದೊಡನೆ ಆಜ್ಞೆಯು ನಿಲ್ಲತಕ್ಕದ್ದು. ತಾಂಬೂಲವಾದರೋ ಮಾಯಗೊಡದು, ಆಜ್ಞೆಯೂ ನಿಲ್ಲದು. ಆಗ ಕೆಟ್ಟುಹೋದ ಕೋಶವೂ ಅದೇ ಆಜ್ಞೆಯ ಆಶ್ರಯದಲ್ಲಿ ಬೆಳೆಯುವುದು. ಬೇಲಿಯೇ ಎದ್ದು ಹೊಲವನ್ನು ಮೇಯ್ದಂತಾಯಿತು! ಅರ್ಬುದದೊಳಗೆ ಬಿಳಿಯ ಕಣಗಳನ್ನು ಕಂಡ ಜರ್ಮನಿಯ ರುಡಾಲ್ಫ್ ವಿರ್ಚೋ ಪಂಡಿತನು 1863ರಲ್ಲಿಯೇ ಈ ಸಂಬಂಧವನ್ನು ಊಹಿಸಿದ್ದನು.

ಹೊಗೆಸೊಪ್ಪಿಲ್ಲದ ಅಡಿಕೆಯೂ ನಿರ್ದೋಷಿಯಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರ್ಣಯಿಸಿತು. ಅಡಿಕೆಯನ್ನು ನಂಬಿ ಬಾಳುವ ಸೀಮೆಗೆ ಇದು ಕಹಿಯಾದ ಮಾತೇ ಸರಿ.

ಬಾಯಿಯಲ್ಲಿ ಬಿಳಿಯ ಮಚ್ಚೆಯಾಗಲಿ, ಮೂರು ವಾರಗಳಾದರೂ ಮಾಯದ ಹುಣ್ಣಾಗಲಿ, ದವಡೆಯ ಬಿಗಿತವಾಗಲಿ ಕಂಡುಬಂದರೆ, ನೋವಿಲ್ಲವೆಂದು ಸುಮ್ಮನಿರಬಾರದು. 1953ರಲ್ಲಿ ಸ್ಥಾಪಿತವಾದ ಕಸ್ತೂರಬಾ ವೈದ್ಯಕೀಯ ಕಾಲೇಜು ಇರುವ ಮಣಿಪಾಲವು ಉಡುಪಿಗೆ ಹರದಾರಿಯಷ್ಟೇ ದೂರ. ಮೊದಲಲ್ಲೇ ಹೋದವರಿಗೆ ಸಣ್ಣ ಶಸ್ತ್ರಕ್ರಿಯೆಯೇ ಸಾಕಾಗುವುದುಂಟು.