ಬಡಾವಣೆಯ ನಕ್ಷೆಯೂ ಬೀದಿಯ ಮರವೂ

ದಾವಣಗೆರೆಯ ನೆರೆಯ ಹರಿಹರದಲ್ಲಿ ಯಂತ್ರಪುರವೆಂಬ ಬಡಾವಣೆಯುಂಟು. ಹೆಸರೇ ಅದರ ಹುಟ್ಟನ್ನು ಹೇಳುತ್ತದೆ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಲ್ಲಿ ಆರಂಭವಾಯಿತು, ಲೇತುಗಳು ತಯಾರಾದವು, ಕೆಲಸಗಾರರ ವಸತಿ ಬೆಳೆಯಿತು. ಆ ಮನೆತನಕ್ಕೆ ಊರು ಕಟ್ಟುವುದು ಹೊಸದಲ್ಲ. ಬೆಳಗಾವಿಯಲ್ಲಿ ಹೊಸ ಬಡಾವಣೆಗಾಗಿ ತಮ್ಮ ಜಾಗ ಬಿಡಬೇಕಾಗಿ ಬಂದಾಗ, ಲಕ್ಷ್ಮಣರಾವ್ ಕಿರ್ಲೋಸ್ಕರರು 1910ರಲ್ಲಿ ಔಂಧ್ ಸಂಸ್ಥಾನದ ಕಳ್ಳಿ ಬೆಳೆದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿಯನ್ನು ಕಟ್ಟಿದ್ದರು.

ಹರಿಹರದ ಆ ಕಾರ್ಖಾನೆ ಈಗ ನಡೆಯುತ್ತಿಲ್ಲ. ಕಾರ್ಖಾನೆ ನಿಂತರೆ ಯಂತ್ರಗಳನ್ನು ಹರಾಜು ಹಾಕಬಹುದು, ಮನೆಗಳಿಗೆ ಬೀಗ ಹಾಕಬಹುದು. ಬೀದಿಯ ಮರದ ಗತಿಯೇನು? ನೀರೆರೆದು ಬೆಳೆಸಿದವರು ನಿವೃತ್ತರಾಗಿ ಹೋಗಿರುತ್ತಾರೆ. ಬಡಾವಣೆಯ ನಕ್ಷೆಯಲ್ಲಿ ನಿವೇಶನಕ್ಕೆ ಸಂಖ್ಯೆಯುಂಟು, ರಸ್ತೆಗೆ ಅಳತೆಯುಂಟು. ಮರಕ್ಕೆ ಸಾಮಾನ್ಯವಾಗಿ ಗುರುತೇ ಇರುವುದಿಲ್ಲ.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ಕೆಲವು ಜಾತಿಗಳನ್ನು ಬಿಟ್ಟು, ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಆದರೆ ಕಡಿದ ಮೇಲೆ ದೂರು ಕೊಡುವುದಕ್ಕೂ ಅಲ್ಲಿ ಮರವಿತ್ತೆಂಬ ದಾಖಲೆ ಬೇಕಲ್ಲವೆ? ಎರಡೂ ಊರುಗಳ ಬಡಾವಣೆಗಳಲ್ಲಿರುವವರು ಒಂದು ಭಾನುವಾರ ತಮ್ಮ ಬೀದಿಯ ಮರಗಳನ್ನು ಎಣಿಸಿ, ಜಾತಿ, ಸ್ಥಳ ಬರೆದಿಡಲಿ. ಮನೆಯ ಕಾಗದಪತ್ರಗಳ ಜೊತೆಗೆ ಆ ಒಂದು ಹಾಳೆಯೂ ಇರಲಿ.