ತೆರಿಗೆಯ ಹೊರೆ ಯಾರ ಹೆಗಲಿಗೆ?

(ರೈತ-ಕೂಲಿಕಾರರ ಸಭೆಯಲ್ಲಿ ಮಾಡಿದ ಭಾಷಣ)



ಆದಾಯ ತೆರಿಗೆ ಕಟ್ಟುವ ಕೆಲವೇ ಮಂದಿ ಸರ್ಕಾರವನ್ನು ಸಾಕುತ್ತಿದ್ದಾರೆ, ಉಳಿದವರೆಲ್ಲ ಬಿಟ್ಟಿ ಉಣ್ಣುವವರು ಎಂಬ ಮಾತನ್ನು ನಾವು ಪೇಟೆಯಲ್ಲಿ ದಿನವೂ ಕೇಳುತ್ತೇವೆ. ಹಾಗೆನ್ನುವ ಮಹನೀಯರು ಒಮ್ಮೆ ನಮ್ಮ ಸಂತೆಗೆ ಬರಬೇಕು.

ಮೈಗೆ ಹಚ್ಚುವ ಸಾಬೂನಿನ ಮೇಲೆ 2017ರಿಂದ 2025ರ ಸೆಪ್ಟೆಂಬರಿನವರೆಗೆ ಶೇಕಡಾ 18 ಜಿ.ಎಸ್.ಟಿ. ಇತ್ತು. ಆಮೇಲೆ ಅದನ್ನು 5ಕ್ಕೆ ಇಳಿಸಿದರು. ಇಳಿಸಿದ್ದು ಸರಿಯೇ. ಆದರೆ ಆ ಎಂಟು ವರ್ಷ ಕಳೆ ಕೀಳುವ ಹೆಣ್ಣುಮಗಳು ಕಟ್ಟಿದ ದರವೂ ಗಿರಣಿಯ ಮಾಲೀಕ ಕಟ್ಟಿದ ದರವೂ ಒಂದೇ. ಅವನಿಗೆ ಅದು ಲೆಕ್ಕಕ್ಕಿಲ್ಲ, ಅವಳಿಗೆ ಅದು ಕೂಲಿಯ ಒಂದು ಪಾಲು. ಅವಳು ತೆರಿಗೆ ಕಟ್ಟಿದಳೆಂದು ಯಾವ ದಫ್ತರದಲ್ಲೂ ಹೆಸರಿಲ್ಲ. 1930ರಲ್ಲಿ ಅಂಕೋಲೆಯ ಜನ ಕಾನೂನು ಮುರಿದು ಉಪ್ಪು ಮಾಡಿದ್ದು ಇಂಥದೇ ತೆರಿಗೆಯ ವಿರುದ್ಧ.

ಇನ್ನು ರೈತನ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ವ್ಯಾಪಾರಿ ತಾನು ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಮಾರುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು. ಕಾಯಿದೆಯೇ ಹಾಗಿದೆ. ರೈತ ಗೊಬ್ಬರಕ್ಕೆ ಶೇಕಡಾ 5, ರಾಸಾಯನಿಕ ಕೀಟನಾಶಕಕ್ಕೆ 18 ಕೊಡುತ್ತಾನೆ. ಅವನು ಮಾರುವ ರಾಗಿ, ಜೋಳದ ಮೇಲೆ ತೆರಿಗೆ ಇಲ್ಲ. ಆದ್ದರಿಂದ ಮುರಿದುಕೊಳ್ಳಲು ಅವನಿಗೆ ದಾರಿಯೂ ಇಲ್ಲ! ಬೆಲೆಗೆ ಸೇರಿಸೋಣವೆಂದರೆ ಮಂಡಿಯ ಹರಾಜಿನಲ್ಲಿ ಬೆಲೆ ಕೂಗುವವನು ಅವನಲ್ಲ. ಡೀಸೆಲಿನ ಮೇಲಿನ ಮಾರಾಟ ತೆರಿಗೆಯನ್ನು 2025ರ ಏಪ್ರಿಲಿನಲ್ಲಿ ನಮ್ಮ ರಾಜ್ಯ ಸರ್ಕಾರ ಶೇಕಡಾ 18.44ರಿಂದ 21.17ಕ್ಕೆ ಏರಿಸಿತು. ಲಾರಿಯವನು ಅದನ್ನು ಬಾಡಿಗೆಗೆ ಸೇರಿಸಬಲ್ಲ, ಅಂಗಡಿಯವನು ದರಕ್ಕೆ ಸೇರಿಸಬಲ್ಲ. ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸುವ ರೈತ ಯಾರ ತಲೆಗೆ ಕಟ್ಟಬೇಕು?

ಮೇಲಿನವರ ಕಡೆ ನೋಡೋಣ. ಸತ್ತವರ ಆಸ್ತಿಯ ಮೇಲೆ 1953ರಲ್ಲಿ ಬಂದ ತೆರಿಗೆಯನ್ನು 1985ರಲ್ಲಿ ತೆಗೆದರು. 1957ರ ಸಂಪತ್ತು ತೆರಿಗೆ 2016ಕ್ಕೆ ಮುಗಿಯಿತು. ಅದರ ಬದಲಿಗೆ ಕೋಟಿ ಮೀರಿದ ಆದಾಯದ ಮೇಲೆ ಶೇಕಡಾ 2 ಹೆಚ್ಚಿಸಿದೆವು ಎಂದರು. ಆದಾಯದ ಮೇಲೆ ತಾನೇ? ಬೇಲಿ ಹಾಕಿ ಬೆಲೆ ಏರಲೆಂದು ಸುಮ್ಮನೆ ಬಿಟ್ಟ ನೆಲಕ್ಕೆ ಅದು ತಾಗುವುದಿಲ್ಲ. 2019ರಲ್ಲಿ, ಇತರ ರಿಯಾಯಿತಿ ಬಿಟ್ಟುಕೊಡುವ ಕಂಪೆನಿಗಳಿಗೆ ತೆರಿಗೆಯನ್ನು ಶೇಕಡಾ 30ರಿಂದ 22ಕ್ಕೆ ಇಳಿಸಿದರು. ಬಂಡವಾಳ ಹೂಡುತ್ತಾರೆ, ಕೆಲಸ ಸಿಗುತ್ತದೆ ಎಂದು ಸಮಾಧಾನ ಹೇಳಿದರು. ಕೂಲಿಯವನ ಕೈಯಲ್ಲಿ ಉಳಿದ ಕಾಸೂ ಇದೇ ಸಂತೆಯಲ್ಲಿ ಖರ್ಚಾಗುತ್ತದೆಂಬುದು ಅವರಿಗೆ ಹೊಳೆಯಲಿಲ್ಲ.

ತೆರಿಗೆಯೇ ಬೇಡವೆಂದು ನಾವು ಹೇಳುತ್ತಿಲ್ಲ. ಶಾಲೆ, ಆಸ್ಪತ್ರೆ, ಪಡಿತರ ನಡೆಯಬೇಕು. ಇರುವವರಿಂದ ಮೊದಲು ಎತ್ತಿ ಎನ್ನುತ್ತೇವೆ. ಮುಂದಿನ ಗ್ರಾಮಸಭೆಗೆ ಬರುವಾಗ ಒಂದು ತಿಂಗಳ ಅಂಗಡಿ ಚೀಟಿ, ಗೊಬ್ಬರದ ಬಿಲ್ಲು ಇಟ್ಟುಕೊಂಡು ತನ್ನಿ. ಒಟ್ಟಿಗೆ ಕುಳಿತು ಕೂಡಿಸೋಣ. ಮೊತ್ತವನ್ನು ನಡಾವಳಿ ಪುಸ್ತಕದಲ್ಲಿ ಬರೆಸೋಣ.