ಡಬ್ಬಿಯೊಳಗಿನ ಮದ್ದಿಗೆ ಯಾರು ಹೊಣೆ?



ಹಿಂದೆ ಊರಿನ ಪಂಡಿತರು ಬೇರು ತೇಯ್ದು ಮದ್ದು ಕೊಡುತ್ತಿದ್ದರು. ಆ ಮದ್ದಿಗೆ ಅವರೇ ಹೊಣೆ. ಗುಣ ಕಾಣದಿದ್ದರೆ, ಹೊಟ್ಟೆ ಕೆಟ್ಟರೆ, ಅವರ ಬಾಗಿಲಿಗೇ ಹೋಗಿ ಕೇಳಬಹುದಿತ್ತು. ಚೂರ್ಣ, ಲೇಹ್ಯಗಳು ಕಾರ್ಖಾನೆಯಲ್ಲಿ ತಯಾರಾಗಿ ಡಬ್ಬಿಯಲ್ಲಿ ಬರತೊಡಗಿದಾಗ ಕೇಳುವುದು ಯಾರನ್ನು ಎಂಬ ಪ್ರಶ್ನೆ ಹುಟ್ಟಿತು. ಆ ಪ್ರಶ್ನೆಗೆ ನಮ್ಮ ದೇಶ ಉತ್ತರ ಹುಡುಕಿದ ಕಥೆಯೇ ಇಂದಿನ ಮಾತು.

1930ರಲ್ಲಿ ಬ್ರಿಟಿಷ್ ಸರ್ಕಾರ ಕರ್ನಲ್ ರಾಮನಾಥ ಚೋಪ್ರಾ ಅವರ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿತು. ಕಲಬೆರಕೆ ಔಷಧಗಳು ಮಾರುಕಟ್ಟೆಯಲ್ಲಿ ತುಂಬಿದ್ದ ಕಾಲ ಅದು. ಮರುವರ್ಷ ವರದಿ ಬಂತು. 1940ರಲ್ಲಿ ಔಷಧ ಕಾಯ್ದೆ ಬಂತು. ಆದರೆ ಆಯುರ್ವೇದ, ಯುನಾನಿ ಔಷಧಗಳನ್ನು ಆ ಕಾಯ್ದೆ ಹೊರಗಿಟ್ಟಿತು. 1954ರ ಇನ್ನೊಂದು ಕಾಯ್ದೆ, ಸಕ್ಕರೆ ಕಾಯಿಲೆ, ಕ್ಯಾನ್ಸರ್‌ನಂಥ ರೋಗಗಳನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದನ್ನು ನಿಷೇಧಿಸಿತು. ಅದು ಇಂದಿಗೂ ಜಾರಿಯಲ್ಲಿದೆ.

ಆಯುರ್ವೇದ ಔಷಧಗಳು ಔಷಧ ಕಾಯ್ದೆಯೊಳಗೆ ಬಂದದ್ದು 1964ರ ತಿದ್ದುಪಡಿಯಿಂದ. ಅಲ್ಲಿಂದ ತಯಾರಕರಿಗೆ ಪರವಾನಗಿ ಕಡ್ಡಾಯವಾಯಿತು. ಶಾಸ್ತ್ರಗ್ರಂಥಗಳಲ್ಲಿ ಹೇಳಿದ ಯೋಗಗಳು ಒಂದು ಬಗೆ, ಕಂಪನಿಗಳು ತಾವೇ ಕೂಡಿಸಿದ ಮಿಶ್ರಣಗಳು ಇನ್ನೊಂದು ಬಗೆ ಎಂದು ಕಾನೂನು ವಿಂಗಡಿಸಿತು. ವತ್ಸನಾಭಿಯಂಥ ವಿಷದ್ರವ್ಯಗಳ ಪಟ್ಟಿಯೂ ನಿಯಮಗಳಲ್ಲಿದೆ. ಅವು ಸೇರಿದ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಇರಲೇಬೇಕು.

ಕಾಗದದ ಮೇಲೆ ಇಷ್ಟಿದ್ದೂ ಪರೀಕ್ಷೆ ಸಡಿಲವಾಗಿತ್ತು. 2004ರ ಕೊನೆಯಲ್ಲಿ ಅಮೆರಿಕದ ವೈದ್ಯ ಪತ್ರಿಕೆಯೊಂದರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಔಷಧಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ರಸೌಷಧಗಳಲ್ಲಿ ಲೋಹವನ್ನು ಶೋಧಿಸಿ, ಭಸ್ಮ ಮಾಡಿ, ಉದ್ದೇಶಪೂರ್ವಕವಾಗಿ ಸೇರಿಸುವುದು ಬೇರೆ ವಿಷಯ. ಬರೀ ಗಿಡಮೂಲಿಕೆಯೆಂದು ಕೊಂಡದ್ದರಲ್ಲಿ ಮಣ್ಣಿನಿಂದಲೋ ಯಂತ್ರದಿಂದಲೋ ಸೀಸ ಸೇರಿದ್ದರೆ ಅದು ಸೇವಿಸುವವರ ಮೈಗೆ ವಿಷವೇ. 2006ರ ಜನವರಿಯಿಂದ ರಫ್ತಾಗುವ ಗಿಡಮೂಲಿಕೆ ಔಷಧಗಳಿಗೆ ಭಾರಲೋಹಗಳ ಪರೀಕ್ಷೆ ಕಡ್ಡಾಯವಾಯಿತು. ಸೀಸಕ್ಕೆ ಹತ್ತು ಲಕ್ಷದಲ್ಲಿ 10 ಭಾಗ, ಆರ್ಸೆನಿಕ್‌ಗೆ 3, ಪಾದರಸಕ್ಕೆ 1 ಭಾಗ ಎಂಬುದು ಮಿತಿ. ಹೊರದೇಶದವರಿಗೆ ಮೊದಲು ಸಿಕ್ಕ ಈ ರಕ್ಷಣೆಗೆ ನಮ್ಮ ಹಳ್ಳಿಯ ರೋಗಿಯೂ ಅಷ್ಟೇ ಹಕ್ಕುದಾರ ಎಂಬುದು ನನ್ನ ದೃಢ ನಂಬಿಕೆ.

ಅಷ್ಟರಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಪೂರಕ ಆಹಾರದ ಪುಡಿ, ಮಾತ್ರೆಗಳು ಆಹಾರ ಸುರಕ್ಷತಾ ಪ್ರಾಧಿಕಾರದ ಕೆಳಗೆ ಬಂದವು. 2016ರಲ್ಲಿ ಇವುಗಳಿಗೆ ನಿಯಮ ರೂಪಿಸಿ 2018ರಿಂದ ಜಾರಿಗೆ ತಂದರು. ಹೀಗಾಗಿ ಅಶ್ವಗಂಧದ ಒಂದು ಡಬ್ಬಿ ಔಷಧ, ಪಕ್ಕದ ಡಬ್ಬಿ ಆಹಾರ ಆಗಿರಬಹುದು. ಆಹಾರದ ಪರವಾನಗಿ ಪಡೆದದ್ದು ರೋಗ ವಾಸಿಮಾಡುತ್ತೇನೆ ಎನ್ನುವಂತಿಲ್ಲ.

ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಅಮೃತಬಳ್ಳಿಯ ಸೇವನೆ ಹೆಚ್ಚಿತು. ಅದನ್ನು ಸೇವಿಸಿದ್ದ ಆರು ಮಂದಿಯಲ್ಲಿ ಯಕೃತ್ತಿನ ತೊಂದರೆ ಕಂಡಿತೆಂದು ಮುಂಬಯಿಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಇಂಥ ವಾದ ತೀರ್ಮಾನವಾಗಬೇಕಾದರೆ ಅಡ್ಡಪರಿಣಾಮಗಳ ದಾಖಲೆ ಬೇಕು. ಅದಕ್ಕೆಂದೇ 2018ರಿಂದ ಆಯುಷ್ ಔಷಧಗಳ ನಿಗಾ ಕಾರ್ಯಕ್ರಮ ನಡೆಯುತ್ತಿದೆ. ಜನ ಹೇಳದಿದ್ದರೆ ಅದರ ಕಡತದಲ್ಲಿ ಏನೂ ಸೇರುವುದಿಲ್ಲ.

ಆದ್ದರಿಂದ ನನ್ನ ಮನವಿ ಇಷ್ಟೆ. ಕೊಳ್ಳುವಾಗ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ ನೋಡಿ. ಅವಿಲ್ಲದ ಪೊಟ್ಟಣ ಮುಟ್ಟಬೇಡಿ. ಆಸ್ಪತ್ರೆಗೆ ಹೋದಾಗ, ತೆಗೆದುಕೊಳ್ಳುತ್ತಿರುವ ಕಷಾಯ, ಪುಡಿಗಳ ಹೆಸರನ್ನೂ ಸಂಕೋಚವಿಲ್ಲದೆ ವೈದ್ಯರಿಗೆ ಹೇಳಿ. ತೊಂದರೆ ಕಂಡರೆ ಸೇವನೆ ನಿಲ್ಲಿಸಿ, ಡಬ್ಬಿಯನ್ನು ಎಸೆಯದೆ ವೈದ್ಯರ ಬಳಿಗೆ ಒಯ್ಯಿರಿ.